ಪೌಡರಿನ ತಪ್ಪಲ್ಲ

ಅಕ್ಕನ ಮುಖ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಚೆನ್ನಾಗಿ ತೆಗೆಯುವ ಲೆನ್ಸನ್ನು ನಾನು ಆರಿಸಿ ಆರಿಸಿ ತಂದಿದ್ದೆ.

ಕ್ಯಾಮೆರಾ ಒಂದು ಕಂಪನಿಯದು, ಲೆನ್ಸ್ ಇನ್ನೊಂದು ಕಂಪನಿಯದು, ಅದೂ ಸೆಕೆಂಡ್ ಹ್ಯಾಂಡ್. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಕೈಗೆತ್ತಿಕೊಂಡ ಕ್ಷಣವೇ ಅದು ನನ್ನದಾಗಿಬಿಟ್ಟಿತ್ತು. ಗಾಜಿನಲ್ಲಿ ಗೀರಿಲ್ಲ, ಬೂಷ್ಟಿಲ್ಲ. ಮನೆಗೆ ತಂದು ಸೆರ್ವಾ ಅಕ್ಕನನ್ನು ಬಾಗಿಲಲ್ಲಿ ನಿಲ್ಲಿಸಿ ಕ್ಲಿಕ್ಕಿಸಿದೆ. ಮುಖ ಮಂಜು ಮಂಜು. ಇನ್ನೊಂದು ಕ್ಲಿಕ್ಕಿಸಿದೆ. ಅದೂ ಮಂಜು.

ಬರುವ ಭಾನುವಾರವೇ ಅಕ್ಕನ ಫ್ರೀಡಂ. ಡುಫಿಯೆ ಮೇಡಂ ಅಂಗಡಿಯಲ್ಲಿ ವರ್ಷಗಟ್ಟಲೆ ಹೊಲಿಗೆ ಕಲಿತವಳಿಗೆ ಬಿಡುಗಡೆ ಸಿಗುವ ದಿನ. ಬಿಳಿ ಬಟ್ಟೆ ತೊಟ್ಟು ಕೂತವಳ ತಲೆಯ ಮೇಲೆ ಮೇಡಂ ಪೌಡರ್ ಸುರಿಯುತ್ತಾರೆ. ಸುರಿಯುವುದು ಒಮ್ಮೆ ಮಾತ್ರ, ಇನ್ನೊಂದು ಸಲ ಸುರೀರಿ ಅಂತ ಕೇಳುವಂತಿಲ್ಲ. ಆ ಗಳಿಗೆಯ ಫೋಟೋ ಗೋಡೆಯ ಮೇಲಿಲ್ಲದ ಹೊಲಿಗೆ ಅಂಗಡಿಗೆ ನಮ್ಮ ಕುಮಾಸಿ ಊರಿನಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ. ಅಕ್ಕ ತೆರೆಯಲಿರುವ ಅಂಗಡಿಯ ಗೋಡೆಗೆ ನಾನು ತೆಗೆದ ಫೋಟೋನೇ ಏರಬೇಕು ಎಂದು ನನ್ನ ಹಟ.

ಮೇಡಂ ಆ ಮಂಜು ನೋಡಿದರು. "ಇದು ಸೆರ್ವಾನಾ, ಸೆರ್ವಾ ದೆವ್ವಾನಾ? ಶುಕ್ರವಾರ ಇನ್ನೊಂದ್ಸಲ ನೋಡ್ತೀನಿ ಕೊನಾಡು. ಹಿಂಗೇ ಬಂದ್ರೆ ಟ್ವುಮಾಸೀನ ಕರೀತೀನಿ. ನೀನು ಜೊಲೋಫ್ ಅನ್ನ ಬಡಿಸ್ಕೊಂಡು ಓಡಾಡು."

ಟ್ವುಮಾಸಿ ನಮ್ಮ ಬೀದಿಯ ಸ್ಟುಡಿಯೋದವನು. ಸಂಜೆಯಾದರೆ ನಮ್ಮ ಅಂಗಳಕ್ಕೆ ಬಂದು ನಾನನ ಜೊತೆ, ಅಂದರೆ ನಮ್ಮ ತಾತನ ಜೊತೆ, ಓವಾರೆ ಎಂಬ ಅಳಗುಳಿ ಮಣೆ ಆಡುತ್ತಾನೆ. ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕ.

"ಪೌಡರ್ ಕಣೇ! ಇದರ ಹಳೇ ಯಜಮಾನ ಎಷ್ಟು ಫ್ರೀಡಂ ತೆಗ್ದಿದ್ನೋ, ಎಲ್ಲಾ ಒಳಗೆ ಕೂತಿದೆ. ನಮ್ಮೂರಲ್ಲಿ ಲೆನ್ಸ್ ಕೆಟ್ರೆ ಪೌಡರಿಂದ, ಮಕ್ಕಳು ಕೆಟ್ರೆ ತಾತನಿಂದ."

"ನಿನ್ನ ಕೆಡಿಸಿದ್ದು ಯಾರು?" ಅಂದ ನಾನ, ಮಣೆಯಿಂದ ಕಣ್ಣೆತ್ತದೆ.

ನಾನೂ ಪೌಡರನ್ನೇ ನಂಬಿದೆ. ಇಲ್ಲಿ ಎಲ್ಲರೂ ನಂಬುವುದು ಅದನ್ನೇ. ಲೆನ್ಸಿನ ಹಿಂಬದಿಯಲ್ಲಿ ಕ್ಯಾಮೆರಾಕ್ಕೆ ತಾಗುವ ಹಿತ್ತಾಳೆ ಚುಕ್ಕೆಗಳನ್ನು ರಬ್ಬರಿನಿಂದ ಉಜ್ಜಿದೆ. ಗಾಳಿ ಊದಿದೆ. ನಾನನ ಬಾಟಲಿಯಿಂದ ಒಂದು ಹನಿ ಸಾರಾಯಿ ತೆಗೆದು ಬಟ್ಟೆಗೆ ಹಾಕಿ ಒರೆಸಿದೆ. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಮುಖ ಮಾತ್ರ ಮಂಜಾಗಿಯೇ ಉಳಿಯಿತು.

"ಲೆನ್ಸಿಗೂ ಕುಡಿಸಿದ್ಯಾ? ಮತ್ತೆ ಕಣ್ಣು ಮಂಜಾಗದೆ ಇನ್ನೇನಾಗುತ್ತೆ!" ಅಂದ ನಾನ.

ಸಿಟ್ಟಿಗೆ ಫೋಟೋಗಳನ್ನು ಅಳಿಸಲು ಕೂತೆ. ಅಳಿಸುವ ಮೊದಲು ಒಂದನ್ನು ಸುಮ್ಮನೆ ದೊಡ್ಡದು ಮಾಡಿ ನೋಡಿದೆ. ಅಕ್ಕನ ಮುಖ ಮಂಜು, ಸರಿ. ಆದರೆ ಅವಳು ಮುಂದಕ್ಕೆ ಚಾಚಿ ಹಿಡಿದಿದ್ದ ಕತ್ತರಿ? ಅದರ ತಿರುಪಿನ ಗೀಟು ಕೂಡ ಕಾಣುತ್ತಿತ್ತು!

ಗಾಜಿಗೆ ಪೌಡರ್ ಮೆತ್ತಿದ್ದರೆ ಕತ್ತರಿಯೂ ಮಂಜಾಗಬೇಕಿತ್ತಲ್ಲ. ಹಾಗಾದರೆ ಲೆನ್ಸಿಗೆ ಕಣ್ಣು ಚೆನ್ನಾಗಿದೆ, ನೋಡುವ ಜಾಗ ತಪ್ಪಿದೆ. ಮುಖ ನೋಡು ಅಂದರೆ ಅದು ಮುಖಕ್ಕಿಂತ ಈಚೆಗೆ ನೋಡುತ್ತಿದೆ. ಕ್ಯಾಮೆರಾದ ಕಿಂಡಿಗೆ ಕಣ್ಣಿಡುವುದನ್ನು ಬಿಟ್ಟು, ಹಿಂದಿನ ಪರದೆಯಲ್ಲಿ ನೋಡುತ್ತಾ ಫೋಕಸ್ ಮಾಡಿ ತೆಗೆದೆ. ಮುಖ ಕನ್ನಡಿಯ ಹಾಗೆ ಬಂತು! ಆದರೆ ಪರದೆಯಲ್ಲಿ ಫೋಕಸ್ ಮಾಡಲು ಬಲು ಹೊತ್ತು ಹಿಡಿಯುತ್ತದೆ. ಪೌಡರ್ ನಮಗೋಸ್ಕರ ಕಾಯುತ್ತದೆಯೇ? ಕಿಂಡಿಯ ಫೋಕಸ್ಸೇ ಸರಿಯಾಗಬೇಕು. ಎಷ್ಟು ಈಚೆಗೆ ನೋಡುತ್ತಿದೆ ಎಂದು ಅಳೆಯಲು ಏನಾದರೂ ಬೇಕಿತ್ತು.

ಅಂಗಳದಲ್ಲಿ ನಾನ ಗುಳಿಯಿಂದ ಗುಳಿಗೆ ಕಾಯಿ ಬಿಡುತ್ತಾ ಹೋಗುತ್ತಿದ್ದ. ಸಾಲು ಗುಳಿಗಳು, ಒಂದರ ಹಿಂದೆ ಒಂದು!

"ನಾನ, ಮಣೆ ಕೊಡಿ!"

"ಆಟ ನಡೀತಿದೆ."

"ತಗೊಳ್ಳೇ ತಗೋ," ಅಂದ ಟ್ವುಮಾಸಿ. ಅವನು ಸೋಲುತ್ತಿದ್ದ.

ಮಣೆಯನ್ನು ಉದ್ದುದ್ದಕ್ಕೆ ನನ್ನಿಂದ ದೂರ ಹೋಗುವಂತೆ ಇಟ್ಟೆ. ನಡುವಿನ ಒಂದು ಗುಳಿಯ ಕಾಯಿಗೆ ಅಕ್ಕನ ಕೆಂಪು ದಾರ ಸುತ್ತಿದೆ. ಕ್ಯಾಮೆರಾ ಅಲುಗದಂತೆ ಹೊಲಿಗೆ ಮೇಜಿನ ಮೇಲೆ ಕೂರಿಸಿ ಕೆಂಪಿಗೇ ಫೋಕಸ್ ಮಾಡಿದೆ. ಫೋಟೋದಲ್ಲಿ ಕೆಂಪು ಕಾಯಿ ಮಂಜು, ಅದಕ್ಕಿಂತ ಈಚೆಗಿನ ಗುಳಿಯ ಕಾಯಿಗಳು ಸ್ಪಷ್ಟ. ಸಿಕ್ಕಿಬಿದ್ದೆಯಾ ಕಳ್ಳ! ಮೆನುವಿನ ಆಳದಲ್ಲಿ ಲೆನ್ಸಿನ ಫೋಕಸ್ ತಿದ್ದುವ ಜಾಗವೊಂದಿದೆ, ನಾನು ಯಾವತ್ತೂ ಮುಟ್ಟಿರಲಿಲ್ಲ. ಅಲ್ಲಿ ಅಂಕಿಯನ್ನು ಪ್ಲಸ್ ಕಡೆಗೆ ಸರಿಸಿದೆ. ಫೋಕಸ್ ಸ್ವಲ್ಪ ಹಿಂದೆ ಹೋಯಿತು. ಮತ್ತೆ ಸರಿಸಿದೆ. ಜಾಸ್ತಿಯಾಯಿತು. ಒಂದು ಚೂರು ಈಚೆಗೆ ತಂದೆ. ಕೆಂಪು ದಾರದ ಎಳೆ ಎಳೆ ಎದ್ದು ನಿಂತಿತು.

ಟ್ವುಮಾಸಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ಈಗ ನೀನು ಸೋತಿದ್ದೂ ಸ್ಪಷ್ಟವಾಗಿ ಕಾಣುತ್ತೆ, ಬಾ ಕೂತ್ಕೋ," ಅಂದ ನಾನ.

ಶುಕ್ರವಾರ ಮೇಡಂ ಅವರನ್ನೇ ನಿಲ್ಲಿಸಿ ತೆಗೆದೆ. ಪರದೆಗೆ ಮೂಗು ತಾಗಿಸಿ ನೋಡಿದರು. "ನನ್ನ ಸುಕ್ಕೆಲ್ಲ ಕಾಣ್ತಿದೆಯಲ್ಲೇ ಕತ್ತೆ!" ಕ್ಯಾಮೆರಾ ನನ್ನ ಕೈಗೆ ಕೊಟ್ಟರು. "ಭಾನುವಾರ ಬೇಗ ಬಾ. ಇದನ್ನ ಮಾತ್ರ ಅಳಿಸ್ಬಿಡು."

ಭಾನುವಾರ ಗಾಜೊಂದನ್ನು ಬಿಟ್ಟು ಲೆನ್ಸಿಗೆ ಪ್ಲಾಸ್ಟಿಕ್ ಚೀಲ ಸುತ್ತಿದೆ. ಪೌಡರಿನ ತಪ್ಪಿಲ್ಲ ನಿಜ, ಹಾಗಂತ ಅದಕ್ಕೆ ಬಾಗಿಲು ತೆರೆದಿಡಬೇಕೇ? ಮೇಡಂ ಡಬ್ಬಿ ಎತ್ತಿದರು. ಅಕ್ಕನ ಕಣ್ಣಿಗೆ ಫೋಕಸ್ ಮಾಡಿ ಅದು ಕದಲದಂತೆ ಗುಂಡಿಯನ್ನು ಅರ್ಧಕ್ಕೇ ಒತ್ತಿ ಹಿಡಿದೆ. ಹೆಂಗಸರ ಹಾಡು, ಕೇಕೆ. ಪೌಡರ್ ಬಿತ್ತು, ಕಿಂಡಿಯಲ್ಲಿ ಎಲ್ಲ ಬೆಳ್ಳಗಾಯಿತು. ಲೆನ್ಸನ್ನು ನಂಬಿ ಒತ್ತಿಬಿಟ್ಟೆ.

ಈಗ ಅಕ್ಕನ ಅಂಗಡಿಗೆ ಹೋದರೆ ಮೊದಲು ಕಾಣುವುದು ಅದೇ. ಬಿಳಿ ಮೋಡದ ನಡುವೆ ಅಕ್ಕ ಬಾಯ್ತುಂಬ ನಗುತ್ತಿದ್ದಾಳೆ, ರೆಪ್ಪೆಯ ಮೇಲೆ ಪೌಡರ್ ಕಣಗಳು ಒಂದೊಂದೂ ಬೇರೆ ಬೇರೆಯಾಗಿ ಕೂತಿವೆ. "ನನ್ನ ತಂಗಿ ತೆಗ್ದಿದ್ದು," ಅನ್ನುತ್ತಾಳೆ ಅಕ್ಕ, ಯಾರೂ ಕೇಳದಿದ್ದರೂ. ಅಲ್ಲೇ ಕೂತಿದ್ದರೆ ನಾನ ಬಿಡುವುದಿಲ್ಲ. "ಮಣೆ ನಂದು."

ಮೊನ್ನೆ ಟ್ವುಮಾಸಿ ಅಂಗಳಕ್ಕೆ ಬಂದ. ಕೈಯಲ್ಲಿ ಅವನ ಲೆನ್ಸ್.

"ಆಟಕ್ಕಾ ಅಣ್ಣ?" ಅಂದೆ.

ಅವನು ಆಚೀಚೆ ನೋಡಿದ. "ಅಲ್ಲ ಕೊನಾಡು... ಮಣೆ ಖಾಲಿ ಇದ್ಯಾ?"

ನಾನು ಒಳಗೆ ಓಡಿ ಕೆಂಪು ದಾರ ತಂದೆ.