ತರಬೇತಿಗೆ ಒಂದು ಮಗು

"ಬಾಯಿ ಬಿಡೇ ಮುಂಡೇದೆ! ಬಾಯಲ್ಲಿ ಬಟ್ಟೆ ತುರುಕ್ಕೊಂಡಿದೀಯಾ? ನಿಮ್ಮಮ್ಮ ಬಂದು ನಿಂತಿದಾಳೆ, ಅವಳೂ ಕೇಳ್ಲಿ, ಓದು!"

ಮೇಷ್ಟ್ರು ಮೇಜು ಗುದ್ದಿದ ರಭಸಕ್ಕೆ ಸೀಮೆಸುಣ್ಣದ ಡಬ್ಬಿ ಹಾರಿ ಕೆಳಗೆ ಬಿತ್ತು. ಪುಟ್ಟಿ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದಳು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅವಳಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದಳು. ಕೆಲಸದ ನಡುವೆ ಒಂದು ಗಂಟೆ ಕೇಳಿಕೊಂಡು ಓಡಿ ಬಂದಿದ್ದಳು; ಮೈಯಿಂದ ಇನ್ನೂ ಫಿನಾಯಿಲ್ ವಾಸನೆ ಹೋಗಿರಲಿಲ್ಲ.

"ವ... ಮನೆಯ... ವುಂ... ಮುಂದೆ... ವರ."

ತರಗತಿ ಗೊಳ್ಳೆಂದಿತು. ಪುಸ್ತಕದಲ್ಲಿದ್ದದ್ದು ಮನೆಯ ಮುಂದಿನ ಮರ.

"ಕೇಳಿದ್ಯೇನಮ್ಮ? ಮನೆ ಮುಂದೆ ವರ ಬಂದು ನಿಂತಿದಾನಂತೆ. ಹತ್ತು ವರ್ಷಕ್ಕೇ ಗಂಡು ಕಾಣಿಸ್ತಿದೆ ನಿನ್ನ ಮಗಳಿಗೆ. ಕಟ್ಟಿ ಕಳಿಸ್ಬಿಡು, ನಮಗೂ ಪೀಡೆ ಕಳೀತದೆ."

ಮಕ್ಕಳು ಮತ್ತೆ ನಕ್ಕರು. ಹಿಂದಿನ ಸಾಲಿನಿಂದ ಯಾರೋ "ಗೋಡೆಗೆ ಮದ್ವೆ!" ಎಂದು ಕೂಗಿದರು. ಪುಟ್ಟಿಯ ಅಪ್ಪ ಗೋಡೆಗಳಿಗೆ ಬಣ್ಣ ಹೊಡೆಯುವವನು. ಗೋಡೆಯವನ ಮಗಳು ಗೋಡೆಯೇ ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಅಂದಿನಿಂದ ಶಾಲೆಯಲ್ಲಿ ಅವಳಿಗೆ ಅದೇ ಹೆಸರು.

"ಹೊಡೆದಾದ್ರೂ ಕಲಿಸಿ ಸಾರ್," ಎಂದಳು ತಾಯಿ.

"ಗೋಡೆಗೆ ಹೊಡೆದ್ರೆ ನೋಯೋದು ನನ್ನ ಕೈ ಕಣಮ್ಮ. ಪರೀಕ್ಷೆಗೆ ಇವಳು ಕೂತ್ರೆ ನನ್ನ ರಿಸಲ್ಟು ಮಣ್ಣು ತಿನ್ನುತ್ತೆ. ನಾನೇ ಬಿಡಿಸ್ತಾ ಇದೀನಿ ಅಂತ ನೀನೇ ಒಂದು ಅರ್ಜಿ ಕೊಡು. ಒಂದು ತಿಂಗಳು ಟೈಮ್ ಕೊಡ್ತೀನಿ."

ಬರೆಯಲು ಬಾರದ ತಾಯಿ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಓಡಿದಳು.

ಅವಳ ಕೆಲಸವೂ ಒಂದು ಶಾಲೆಯಲ್ಲೇ. ಅಲ್ಲಿ ಅವಳನ್ನು ಎಲ್ಲರೂ ಆಯಾ ಎನ್ನುತ್ತಿದ್ದರು. ಬೇರೆ ಶಾಲೆಗಳಲ್ಲಿ ಓದು ಹತ್ತದೆ ಹೋದ, ಆದರೆ ಹೆತ್ತವರಿಗೆ ಕಾರು ಇದ್ದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಒಂದು ಕೋಣೆಗೆ ಹನ್ನೊಂದು ಮಕ್ಕಳು, ಇಬ್ಬರು ಟೀಚರುಗಳು. ಬೆಂಚಿಲ್ಲ, ಬೆತ್ತವಿಲ್ಲ. ನೆಲಕ್ಕೆ ದಪ್ಪ ಚಾಪೆ. ಅಗಲ ತಟ್ಟೆಗಳಲ್ಲಿ ಸಣ್ಣ ಮರಳು. ಮಕ್ಕಳು ಅದರ ಮೇಲೆ ಬೆರಳಿನಿಂದ ಬರೆದು ಅಳಿಸುತ್ತಿದ್ದರು. ಸಂಜೆ ಚೆಲ್ಲಿದ ಮರಳನ್ನೆಲ್ಲ ಬಳಿದು, ಜರಡಿ ಹಿಡಿದು, ಮತ್ತೆ ತಟ್ಟೆಗೆ ತುಂಬುವುದು ಆಯಾಳ ಪಾಲಿನದು. ಅಕ್ಷರಗಳನ್ನು ಗೋಡೆ ಉಜ್ಜುವ ಉಪ್ಪುಕಾಗದದಲ್ಲಿ ಕತ್ತರಿಸಿ ರಟ್ಟಿಗೆ ಅಂಟಿಸಿದ್ದರು.

ಅವತ್ತು ಮಧ್ಯಾಹ್ನ ಅವಳು ನೆಲ ಒರೆಸುತ್ತಿದ್ದಾಗ, ಮೇಜಿನ ಕೆಳಗೆ ಮಲಗಿಕೊಂಡೇ ಓದುತ್ತಿದ್ದ ಒಬ್ಬ ಹುಡುಗ 'ಹಾವು' ಎನ್ನುವುದನ್ನು 'ಹಾಮು' ಎಂದ. ಯಾರೂ ನಗಲಿಲ್ಲ. ಟೀಚರ್ ತಾನೂ ಮೇಜಿನ ಕೆಳಗೆ ತೂರಿಕೊಂಡಳು.

"ಹೌದಪ್ಪ, ಎರಡೂ ಒಂದೇ ಥರ ಕಾಣುತ್ತೆ ಅಲ್ವಾ? ಕಷ್ಟಾನೇ. ಬಾ, ಬೆರಳಲ್ಲಿ ಮುಟ್ಟಿ ನೋಡೋಣ."

ಆಯಾಳ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ನಿಂತಿತು. ಕಷ್ಟಾನೇ ಅಂದಳಲ್ಲ ಈಕೆ, ಕತ್ತೆ ಅನ್ನಲಿಲ್ಲವಲ್ಲ!

ಆ ವಾರ ಪೂರ್ತಿ ಧೈರ್ಯ ಕೂಡಿಸಿ ದೊಡ್ಡ ಮೇಡಮ್ ಮುಂದೆ ನಿಂತಳು. ದೊಡ್ಡ ಮೇಡಮ್ ಯಾರ ಮೇಲೂ ದನಿ ಏರಿಸಿದವರಲ್ಲ. ಆಯಾಳಿಗೂ 'ಪ್ಲೀಸ್' ಹೇಳುವವರು.

"ಪ್ರತಿ ಮಗುವೂ ಅದರದೇ ರೀತಿಯಲ್ಲಿ ಕಲಿಯುತ್ತೆ ಆಯಾ. ನಿಮ್ಮ ಮಗಳೂ ಅಷ್ಟೇ. ಆದರೆ ಅಡ್ಮಿಶನ್ ಕಷ್ಟ. ಬೇರೆ ಪೇರೆಂಟ್ಸ್ ಒಪ್ಪಲ್ಲ." ಸ್ವಲ್ಪ ಯೋಚಿಸಿ, ಕನ್ನಡಕ ತೆಗೆದರು. "ಒಂದು ಕೆಲಸ ಮಾಡಬಹುದು. ಹೊಸ ಟೀಚರುಗಳಿಗೆ ಮೂರು ತಿಂಗಳ ತರಬೇತಿ ಶುರುವಾಗುತ್ತೆ. ಅವರಿಗೆ ಅಭ್ಯಾಸ ಮಾಡೋಕೆ ಮಕ್ಕಳು ಬೇಕು. ಇಲ್ಲಿನ ಮಕ್ಕಳನ್ನ ಕೊಡೋಕಾಗಲ್ಲ, ಅವರ ತಂದೆತಾಯಿಗೆ ಇಷ್ಟ ಆಗಲ್ಲ. ನಿಮ್ಮ ಮಗಳನ್ನ ಮಧ್ಯಾಹ್ನ ಕಳಿಸಿ."

ಆಯಾ ಕಾಲಿಗೆ ಬಿದ್ದಳು.

"ಅಯ್ಯೋ, ಅದೆಲ್ಲ ಬೇಡ. ಹಿಂದಿನ ಗೇಟಿಂದ ಬರಲಿ, ಅಷ್ಟೇ."

ಮೂರು ತಿಂಗಳು ಎಂದದ್ದು ಆಯಾಳ ಕಿವಿಗೆ ಬಿದ್ದಿತ್ತು. ಒಮ್ಮೆ ಒಳಗೆ ಕಾಲಿಟ್ಟ ಮೇಲೆ ಮಗುವಿನ ಮುಖ ನೋಡಿಯಾದರೂ ಇಟ್ಟುಕೊಳ್ಳುತ್ತಾರೆ ಎಂದುಕೊಂಡಳು. ಮೇಷ್ಟ್ರಿಗೂ ಮಧ್ಯಾಹ್ನ ಪೀಡೆ ತೊಲಗಿದರೆ ಸಾಕಾಗಿತ್ತು. ಅರ್ಜಿಯ ಮಾತು ನಿಂತಿತು.

ಪುಟ್ಟಿಗೆ ಚಾಪೆಯ ಕೋಣೆ ಸಿಗಲಿಲ್ಲ. ಸಾಮಾನಿನ ಕೋಣೆಯಲ್ಲಿ, ಮಡಚಿಟ್ಟ ಕುರ್ಚಿಗಳ ನಡುವೆ ಕೂರಿಸಿದರು. ಮೊದಲ ಮೂರು ವಾರ ಒಬ್ಬರಾದ ಮೇಲೆ ಒಬ್ಬರು ತರಬೇತಿಯವರು ಬಂದು ಹೊತ್ತು ಅಳೆಯುವ ಗಡಿಯಾರ ಒತ್ತಿ, ಚಿತ್ರ ತೋರಿಸಿ, ಮರದ ತುಂಡು ಜೋಡಿಸಲು ಹೇಳಿ, ಬರೆದುಕೊಂಡು ಹೋದರು. ಒಬ್ಬಳು ಮೊಬೈಲನ್ನು ಕಪಾಟಿಗೆ ಒರಗಿಸಿಟ್ಟು ವಿಡಿಯೋ ತೆಗೆದಳು.

"ಅಮ್ಮ, ಇವತ್ತೂ ಅದೇ ಕೇಳಿದ್ರು. ನಾನು ಹೇಳಿದ್ದು ಸರೀನಾ ತಪ್ಪಾ ಅಂತ ಮಾತ್ರ ಹೇಳಲ್ಲ. ಬರ್ಕೋತಾರೆ, ಹೋಗ್ತಾರೆ. ನಂಗೇನಾಗಿದೆ ಅಮ್ಮ?"

"ಏನೂ ಆಗಿಲ್ಲ ಕಣೆ. ಸುಮ್ನೆ ಕೂತ್ಕೋ. ಮುಖ ಗಂಟು ಹಾಕ್ಕೋಬೇಡ."

ನಾಲ್ಕನೇ ವಾರ ಉದ್ದ ಜಡೆಯ ಒಬ್ಬ ಟೀಚರ್ ಬಂದಳು. ಅವಳೂ ತರಬೇತಿಯವಳೇ. ಗಡಿಯಾರ ಒತ್ತಲಿಲ್ಲ. ಪುಟ್ಟಿಯ ಕಣ್ಣಿಗೆ ಬಟ್ಟೆ ಕಟ್ಟಿ, ಬೆರಳು ಹಿಡಿದು ಉಪ್ಪುಕಾಗದದ ಅಕ್ಷರದ ಮೇಲೆ ಓಡಿಸಿದಳು. ತಪ್ಪಿದಾಗ "ಇರ್ಲಿ ಬಿಡೇ" ಎಂದಳು. ತನಗೂ ಚಿಕ್ಕಂದಿನಲ್ಲಿ ಎಡ ಬಲ ಗೊತ್ತಾಗದೆ ಚಪ್ಪಲಿ ಅದಲುಬದಲಾಗುತ್ತಿತ್ತು ಎಂದು ಹೇಳಿ ನಗಿಸಿದಳು. ಎರಡು ವಾರ ಕಳೆಯುವ ಹೊತ್ತಿಗೆ ಪುಟ್ಟಿ ಬಸ್ಸಿನ ಬೋರ್ಡು, ಸಾಬೂನಿನ ಪೊಟ್ಟಣ, ಕಂಡದ್ದನ್ನೆಲ್ಲ ತಡವರಿಸಿ ಓದತೊಡಗಿದಳು. ತೊಡೆಯ ಮೇಲೆ ಬೆರಳಿನಿಂದ ಅಕ್ಷರ ಬರೆದುಕೊಂಡು ಆಮೇಲೆ ಬಾಯಿ ಬಿಡುತ್ತಿದ್ದಳು.

ಉಪ್ಪುಕಾಗದದಲ್ಲಿ ಕಲಿಸುತ್ತಾರೆ ಎಂದು ಕೇಳಿ ಅವಳಪ್ಪನಿಗೆ ನಗು ತಡೆಯಲಾಗಲಿಲ್ಲ. ಬಣ್ಣ ಮೆತ್ತಿದ ತನ್ನ ಬೆರಳ ತುದಿಗಳನ್ನು ದೀಪಕ್ಕೆ ಹಿಡಿದು ನೋಡಿದ. "ಇಪ್ಪತ್ತು ವರ್ಷದಿಂದ ಇದನ್ನೇ ಉಜ್ತಾ ಇದೀನಿ. ಈ ಬೋಳಿಮಗಂದು ಒಂದಕ್ಷರಾನೂ ನಂಗೆ ಅಂಟಲಿಲ್ವಲ್ಲೇ!"

ಪಕ್ಕದ ಮನೆಯ ಇಸ್ತ್ರಿಯವಳು ಬಾಗಿಲಿಗೆ ಬಂದು ನಿಂತಳು. ಅವಳ ಏಳು ವರ್ಷದ ಮಗಳೂ ಅಕ್ಷರ ಕಂಡರೆ ಬೆವರುವವಳು.

"ಅಕ್ಕಾ, ನಮ್ಮದನ್ನೂ ಒಂದು ಮಾತು ಕೇಳಿ ನೋಡೇ."

"ಮೊದ್ಲು ನಮ್ಮದು ಅಲ್ಲಿ ನೆಲೆ ನಿಲ್ಲಲಿ ತಾಯಿ. ಆಮೇಲೆ ಕೇಳ್ತೀನಿ."

ತರಬೇತಿ ಮುಗಿದ ದಿನ ಸಭೆ ಏರ್ಪಾಟಾಯಿತು. ಆಯಾ ನೀರಿನ ಲೋಟಗಳ ತಟ್ಟೆ ಹಿಡಿದು ಅತಿಥಿಗಳ ಸಾಲಿನಲ್ಲಿ ಓಡಾಡುತ್ತಿದ್ದಳು. ಪುಟ್ಟಿಯನ್ನು ವೇದಿಕೆಗೆ ಹತ್ತಿಸಿದರು. ಆರು ಸಾಲು. ಬೆವರಿದಳು, ನಿಂತಳು, ತೊಡೆ ಸವರಿದಳು, ಓದಿದಳು. ಆರೂ ಸಾಲು ಓದಿದಳು. ಚಪ್ಪಾಳೆ ಬಿತ್ತು. ದೊಡ್ಡ ಮೇಡಮ್ ಮೈಕಿನಲ್ಲಿ, "ಈ ಮಗುವಿನ ತಾಯಿ ನಮ್ಮಲ್ಲೇ ಕಸ ಗುಡಿಸ್ತಾರೆ. ಬನ್ನಿ ಆಯಾ, ಬನ್ನಿ, ನಾಚ್ಕೋಬೇಡಿ" ಎಂದರು. ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹತ್ತಿದಳು. ಫೋಟೋದವನು, "ಅಮ್ಮ, ತಟ್ಟೆ ಇರ್ಲಿ, ಹಾಗೇ ಇರ್ಲಿ" ಎಂದ.

ಅತಿಥಿಗಳೆಲ್ಲ ಹೋದ ಮೇಲೆ ಆಯಾ ಕೇಳಿದಳು:

"ಮೇಡಮ್, ಸೋಮವಾರ ಎಷ್ಟೊತ್ತಿಗೆ ಕಳಿಸ್ಲಿ?"

"ಯಾರನ್ನ?"

"ಪುಟ್ಟೀನ."

"ಮುಗೀತಲ್ಲ ಆಯಾ. ನಾನು ಮೊದಲೇ ಹೇಳಿದ್ದೆ."

"ಮೂಲೇಲಿ ಕೂತಿರ್ತಾಳೆ ಮೇಡಮ್. ಬೇಕಾದ್ರೆ ನಾನು ಇನ್ನೆರಡು ಕೋಣೆ ಜಾಸ್ತಿ ಒರೆಸ್ತೀನಿ."

"ಛೆ, ಹಾಗೆಲ್ಲ ಮಾತಾಡಬಾರದು. ಒಬ್ಬರಿಗೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗುತ್ತೆ. ಅವಳ ಶಾಲೆಗೆ ಒಂದು ಪತ್ರ ಕೊಡ್ತೀನಿ, ಅಲ್ಲಿನವರು ನೋಡ್ಕೋತಾರೆ."

ಉದ್ದ ಜಡೆಯ ಟೀಚರ್ ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. "ನಾನೇನ್ ಮಾಡ್ಲಿ ಆಯಾ? ನಂಗೂ ಇಲ್ಲಿ ಕೆಲಸ ಕೊಡ್ಲಿಲ್ಲ," ಎಂದು ಪುಟ್ಟಿಯ ತಲೆ ಸವರಿ ಬಸ್ಸು ಹತ್ತಿದಳು.

ಪತ್ರವನ್ನು ಮೇಷ್ಟ್ರು ನಿಂತುಕೊಂಡೇ ಓದಿದರು.

"ಇವಳಿಗೆ ಹೆಚ್ಚು ಸಮಯ ಕೊಡ್ಬೇಕಂತೆ. ಮುಟ್ಟಿಸಿ ಕಲಿಸ್ಬೇಕಂತೆ. ಅರವತ್ತೆಂಟು ಮಕ್ಕಳಿದಾವೆ ಇಲ್ಲಿ! ನಾನೊಬ್ಬ ಸಾಯ್ತಾ ಇದೀನಿ. ಸಮಯ ಎಲ್ಲಿಂದ ತರ್ಲಿ, ನಿನ್ನ ಸೆರಗಿಂದ ಬಿಚ್ಕೊಡ್ತೀಯಾ?"

ಪುಟ್ಟಿಯನ್ನು ಓದಲು ಎಬ್ಬಿಸಿದರು. ಅವಳ ಬೆರಳು ತೊಡೆಗೆ ಹೋಯಿತು. ಬೆತ್ತ ಆ ಬೆರಳ ಮೇಲೆಯೇ ಬಿತ್ತು.

"ಅಲ್ಲೇನೇ ಕೆರ್ಕೋತೀಯಾ, ಅಸಹ್ಯ! ಕೈ ಕಟ್ಟು!"

ಕೈ ಕಟ್ಟಿದ ಮೇಲೆ ಅಕ್ಷರಗಳೆಲ್ಲ ಮತ್ತೆ ಒಂದೇ ಥರ ಆದವು. ತರಗತಿ ನಗುವುದಕ್ಕೆ ಕಾದಿತ್ತು, ನಕ್ಕಿತು.

ಎರಡು ತಿಂಗಳ ನಂತರ ದೊಡ್ಡ ಮೇಡಮ್ ಆಯಾಳನ್ನು ಕರೆದರು.

"ಹೊಸ ಬ್ಯಾಚ್ ಬಂದಿದೆ. ನಿಮ್ಮ ಕಡೆ ಇನ್ನೂ ಅಂಥ ಮಕ್ಕಳಿರ್ತಾರಲ್ವಾ? ಯಾರೂ ಇನ್ನೂ ಕಲಿಸೋಕೆ ಕೈ ಹಾಕದಿರೋ ಮಗು ಇದ್ರೆ ಒಳ್ಳೇದು."

"ನಮ್ಮ ಪುಟ್ಟೀನೇ ಆಗಲ್ವಾ ಮೇಡಮ್? ಅವಳು ಎಲ್ಲ ಮರೆತುಬಿಟ್ಟಿದಾಳೆ."

"ಅವಳಾ? ಮರೆತಿದ್ರೆ ನೋಡೋಣ. ಇನ್ನೊಂದನ್ನೂ ಕರ್ಕೊಂಡು ಬನ್ನಿ, ಯಾವುದಕ್ಕೂ ಇರ್ಲಿ."

ಮರುದಿನ ಮಧ್ಯಾಹ್ನ ಆಯಾ, ಪುಟ್ಟಿ, ಇಸ್ತ್ರಿಯವಳು, ಅವಳ ಮಗಳು ನಾಲ್ವರೂ ಹಿಂದಿನ ಗೇಟಿಗೆ ನಡೆದು ಬಂದರು. ದಾರಿಯಲ್ಲಿ ಪುಟ್ಟಿ ಅಮ್ಮನ ಸೆರಗೆಳೆದು ಹಿಂದೆ ನಿಲ್ಲಿಸಿಕೊಂಡಳು.

"ಅಮ್ಮ, ನಾನು ತಪ್ಪು ತಪ್ಪು ಓದ್ತೀನಿ. ಆಗ ಇಟ್ಕೋತಾರೆ."

"ಸುಳ್ಳು ಹೇಳ್ತೀಯೇನೇ?"

"ಸುಳ್ಳಲ್ಲಮ್ಮ. ಮೊದ್ಲು ಹಾಗೇ ತಾನೇ ಓದ್ತಿದ್ದೆ?"

ತಾಯಿ ಅವಳ ಹರಿದ ರಿಬ್ಬನ್ನಿನ ಗಂಟನ್ನು ಬಿಚ್ಚಿ ಬಿಗಿಯಾಗಿ ಕಟ್ಟಿದಳು.

ಸಾಮಾನಿನ ಕೋಣೆಯಲ್ಲಿ ದೊಡ್ಡ ಮೇಡಮ್ ಜೊತೆ ಇಬ್ಬರು ಹೊಸ ತರಬೇತಿಯವರು ಕೂತಿದ್ದರು. ಮೇಜಿನ ಮೇಲೆ ಪುಟ್ಟಿಯ ದಪ್ಪ ಫೈಲು. ಆಯಾ ಬಾಗಿಲಲ್ಲೇ ನಿಂತಳು. ಪುಟ್ಟಿ ಹಾಳೆ ತೆಗೆದುಕೊಂಡಳು. ಪ್ರತಿ ಅಕ್ಷರವನ್ನೂ ನೋಡಿದಳು, ಅದು ಏನೆಂದು ಗುರುತು ಹಿಡಿಯುವಷ್ಟು ಹೊತ್ತು ನಿಂತಳು, ಆಮೇಲೆ ಬೇಕೆಂದೇ ಬೇರೆಯದನ್ನು ಹೇಳಿದಳು. ಆಯಾಳಿಗೆ ಅಕ್ಷರ ಬಾರದಿದ್ದರೂ ಮಗಳ ಮುಖ ಓದಲು ಬರುತ್ತಿತ್ತು. ಗೊತ್ತಿದ್ದದ್ದನ್ನು ನುಂಗುವಾಗ ಪುಟ್ಟಿಯ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.

ದೊಡ್ಡ ಮೇಡಮ್ ನಿಟ್ಟುಸಿರು ಬಿಟ್ಟು ಹೊಸಬರಿಗೆ ಹೇಳಿದರು.

"ನೋಡಿ, ಇದನ್ನ ನೀವು ಅರ್ಥ ಮಾಡ್ಕೋಬೇಕು. ಮೂರು ತಿಂಗಳು ಇಷ್ಟು ಕಷ್ಟಪಟ್ವಿ. ಮನೇಲಿ ನೋಡೋರಿಲ್ಲ ಅಂದ್ರೆ ಏನೂ ನಿಲ್ಲಲ್ಲ."

ಫೈಲು ತೆರೆದು ಒಂದು ಸಾಲು ಬರೆದರು. ಬರೆದು ಅದನ್ನು ಹೊಸಬರ ಕಡೆ ತಿರುಗಿಸಿದರು. ಪುಟ್ಟಿ ಪಕ್ಕದಲ್ಲೇ ನಿಂತಿದ್ದಳು. ಅವಳ ಬೆರಳು ತೊಡೆಗೆ ಹೋಯಿತು.

"ತಾ... ಯಿಗೆ..." ಎಂದಳು ಪುಟ್ಟಿ. "ಆ... ಸಕ್ತಿ... ಯಿಲ್ಲ."



"ತಾಯಿಗೆ ಆಸಕ್ತಿಯಿಲ್ಲ," ಎಂದು ಇನ್ನೊಮ್ಮೆ ನೆಟ್ಟಗೆ ಓದಿದಳು. "ಯಾಕೆ ಹಿಂಗೆ ಬರೆದ್ರಿ? ಸುಳ್ಳು ಇದು. ನಮ್ಮಮ್ಮನ ಬಗ್ಗೆ ಸುಳ್ಳು ಬರೆದಿದೀರ. ಹೊಡೀರಿ ಕಾಟು!"

"ಪುಟ್ಟೀ!" ಎಂದಳು ಆಯಾ.

ಹೊಸಬರಲ್ಲೊಬ್ಬಳು ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದಳು. ದೊಡ್ಡ ಮೇಡಮ್ ಮುಖ ಕೆಂಪೇರಿ, ಮತ್ತೆ ತಿಳಿಯಾಯಿತು.

"ಅರೆ! ಚೆನ್ನಾಗೇ ಓದ್ತಾಳಲ್ಲ! ಹಾಗಾದ್ರೆ ಇವಳಿಗೆ ನಮ್ಮ ಅಗತ್ಯವೇ ಇಲ್ಲ. ಸಂತೋಷ." ಫೈಲನ್ನು ಮುಚ್ಚಿದರು. ಬರೆದ ಸಾಲಿಗೆ ಕಾಟು ಹೊಡೆಯಲಿಲ್ಲ. "ಆಯಾ, ಪ್ಲೀಸ್, ಆ ಇನ್ನೊಂದು ಮಗೂನ ಕರ್ಕೊಂಡು ಬನ್ನಿ."

ಆಯಾ ಅಲ್ಲೇ ನಿಂತಿದ್ದಳು. ಮಧ್ಯಾಹ್ನದ ಗಂಟೆ ಹೊಡೆಯಿತು. ಚಾಪೆಯ ಕೋಣೆಯಲ್ಲಿ ಮರಳು ಚೆಲ್ಲಿದ ಸದ್ದಾಯಿತು. ಅವಳು ಮಗಳ ಕೈ ಹಿಡಿದು ಹಿಂದಿನ ಗೇಟಿಗೆ ನಡೆದಳು.

ಇಸ್ತ್ರಿಯವಳು ಮಗಳ ಫ್ರಾಕಿನ ಮಡಿಕೆ ಎಳೆದು ಎಳೆದು ಸರಿಮಾಡುತ್ತಿದ್ದಳು. ಬೆಳಿಗ್ಗೆಯೇ ಇಸ್ತ್ರಿ ಹಾಕಿದ್ದ ಫ್ರಾಕು; ಒಂದು ಸುಕ್ಕೂ ಇರಲಿಲ್ಲ.

"ಏನಂದ್ರು ಅಕ್ಕಾ? ಇವಳನ್ನ ತಗೋತಾರಂತಾ? ಮೂರು ತಿಂಗಳಾದ್ರೂ ಸಾಕು ಕಣೇ."



ಪುಟ್ಟಿ ಆ ಚಿಕ್ಕವಳ ಮುಂದೆ ಮಂಡಿಯೂರಿ ಕೂತು, ಅವಳ ಎರಡೂ ಭುಜ ಹಿಡಿದು, ಕಿವಿಯ ಹತ್ತಿರ ಬಾಯಿಟ್ಟಳು.

"ಕೇಳು. ಉದ್ದ ಜಡೆ ಥರದ ಟೀಚರ್ ಬರ್ತಾರೆ. ಚೆನ್ನಾಗಿ ಹೇಳ್ಕೊಡ್ತಾರೆ. ಆದ್ರೆ ನೀನು ಬೇಗ ಕಲೀಬೇಡ. ಕಲಿತ್ರೂ ತೋರಿಸ್ಬೇಡ. ಗೊತ್ತಾಯ್ತಾ? ಕಲಿತ್ರೆ ಕಳಿಸ್ಬಿಡ್ತಾರೆ."

ಚಿಕ್ಕವಳು ಕಣ್ಣರಳಿಸಿ, ತುಂಬಾ ಗಂಭೀರವಾಗಿ ತಲೆಯಾಡಿಸಿದಳು.