ವಾಲಿಯ ಎತ್ತು

ಅರಳಸುರಳಿಯ ಮಾಸ್ತಪ್ಪ, ನಿಂಗಪ್ಪ ಅಣ್ಣ ತಮ್ಮಂದಿರು. ಅಕ್ಕಪಕ್ಕದ ಮನೆ, ನಡುವೆ ಒಂದು ಮುಳ್ಳುಬೇಲಿ. ಇಬ್ಬರೂ ಗೇಣಿಗೆ ಗದ್ದೆ ಮಾಡುವವರು, ಇಬ್ಬರೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಹಟದಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ಊರಿನವರಿಗೆ ಹೇಳುವುದು ಕಷ್ಟವಾಗುತ್ತಿತ್ತು.

ಜಗಳ ಹುಟ್ಟಿದ್ದು ಪಾಲಾದ ದಿನ. ಮನೆಯಲ್ಲಿ ಕೆಂದ, ಕೌಲ ಎಂಬ ಎತ್ತಿನ ಜೋಡಿ ಇತ್ತು. ಕರುಗಳಾಗಿದ್ದಾಗಿನಿಂದ ಒಟ್ಟಿಗೆ ಬೆಳೆದವು. ಒಂದನ್ನು ಬಿಟ್ಟು ಇನ್ನೊಂದು ನೀರು ಸಹ ಕುಡಿಯುತ್ತಿರಲಿಲ್ಲ. ಜೋಡಿ ಒಡೆಯುವುದು ಬೇಡ, ಯಾರಾದರೊಬ್ಬರು ಎರಡನ್ನೂ ಇಟ್ಟುಕೊಳ್ಳಿ ಎಂದು ಪಂಚಾಯ್ತಿಗೆ ಕೂತವರು ಹೇಳಿದರು. ತಮ್ಮ ಬಾಯಿ ಬಿಟ್ಟು ಕೇಳಿದರೆ ಎರಡನ್ನೂ ಕೊಡುತ್ತೇನೆ ಎಂದ ಮಾಸ್ತಪ್ಪ. ಅಣ್ಣ ಕೊಟ್ಟರೆ ತಗೊಳ್ಳುತ್ತೇನೆ, ಕೇಳುವುದಿಲ್ಲ ಎಂದ ನಿಂಗಪ್ಪ. ಇವನು ಕೇಳಲಿಲ್ಲ, ಅವನು ಕೊಡಲಿಲ್ಲ. ಬೆಳಗಿನಿಂದ ಕೂತವರಿಗೆ ಹಸಿವಾಗಿ, ಆಳಿಗೊಂದು ಎತ್ತು ಎಂದು ತೀರ್ಮಾನ ಮಾಡಿ ಎದ್ದರು. ಕೌಲ ಅಣ್ಣನ ಕೊಟ್ಟಿಗೆಗೆ ಹೋಯಿತು, ಕೆಂದ ತಮ್ಮನದಕ್ಕೆ. ಇಬ್ಬರೂ ಜೋಡಿಗೆಂದು ಬೇರೆ ಎತ್ತು ತಂದರು. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಎತ್ತುಗಳು ಮಾತ್ರ ಬೇಲಿಯ ಆಚೆಈಚೆ ನಿಂತು ಒಂದನ್ನೊಂದು ಕರೆಯುತ್ತಿದ್ದವು.

ಮಾಸ್ತಪ್ಪನ ಹೆಂಡತಿ ರಂಗಮ್ಮ, ನಿಂಗಪ್ಪನ ಹೆಂಡತಿ ಬೆಳ್ಳಮ್ಮ. ಈ ವಾರಗಿತ್ತಿಯರಿಗೆ ಜಗಳದ ಗೊಡವೆಯೇ ಇರಲಿಲ್ಲ. ಬೇಲಿಯ ಮೇಲೆ ಸಾರು, ಪಲ್ಯ, ಊರ ಸುದ್ದಿ ಎಲ್ಲ ದಾಟುತ್ತಿತ್ತು. ಗಂಡಸರು ಅದನ್ನು ಕಂಡೂ ಕಾಣದ ಹಾಗೆ ಉಣ್ಣುತ್ತಿದ್ದರು.

ಇನ್ನು ಅಣ್ಣ ತಮ್ಮಂದಿರು ಪರಸ್ಪರ ಬಾಯಿ ಬಿಡುತ್ತಿದ್ದ ಜಾಗ ಒಂದೇ, ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಉಟ್ಟು ಚಾಪೆಯ ಮೇಲೆ ಕೂತವರು ರಾಮನೋ ರಾವಣನೋ ಆಗಿ ವಾದ ಮಾಡುತ್ತಾರೆ. ಮಾಸ್ತಪ್ಪನಿಗೆ ಯಾವಾಗಲೂ ದೇವರ ಎದುರು ನಿಲ್ಲುವ ಪಾತ್ರವೇ ಬೇಕು. ಗದ್ದೆಯ ಬದುವಿನಲ್ಲಿ ಎರಡು ಮಾತಿಗೆ ಸುಸ್ತಾಗುವ ಮನುಷ್ಯ ಚಾಪೆಯ ಮೇಲೆ ಕೂತರೆ ಹೊಳೆಯ ಹಾಗೆ ಹರಿಯುತ್ತಿದ್ದ. ಮನೆಯ ವ್ಯವಹಾರವನ್ನೂ ಅಲ್ಲೇ ಮುಗಿಸಿಕೊಳ್ಳುವುದಿತ್ತು. ಒಮ್ಮೆ ಸಂಧಾನಕ್ಕೆ ಬಂದ ಕೃಷ್ಣನಾಗಿ ನಿಂಗಪ್ಪ, ‘ಕೌರವೇಂದ್ರಾ, ನಿನ್ನ ಮನೆಯ ಕೋಳಿಗಳು ಪಾಂಡವರ ಸಸಿಮಡಿಯನ್ನು ಕೆದಕುತ್ತಿರುವುದು ರಾಜನೀತಿಗೆ ಒಪ್ಪುವ ಮಾತೇ?’ ಎಂದು ಕೇಳಿದ್ದ. ಸಭೆ ಬಿದ್ದು ಬಿದ್ದು ನಕ್ಕಿತು. ಮಾರನೆಯ ದಿನದಿಂದ ಕೌರವ ತನ್ನ ಕೋಳಿಗಳನ್ನು ಗೂಡಿನಲ್ಲಿ ಕೂಡಿಹಾಕಿದ.

ಅರವತ್ತನಾಲ್ಕರ ಮಳೆಗಾಲ. ನಾಟಿಯ ಹೊತ್ತು. ನಿಂಗಪ್ಪ ಕೆಂದಕ್ಕೆ ಜೋಡಿಯಾಗಿ ತಂದಿದ್ದ ಎತ್ತು ಗದ್ದೆಗೆ ಇಳಿಯುವಾಗ ಬದುವಿನಲ್ಲಿ ಜಾರಿ ಮುಂಗಾಲು ಮುರಿದುಕೊಂಡಿತು. ಸೊಪ್ಪು ಅರೆದು ಬಿದಿರಿನ ದಬ್ಬೆ ಕಟ್ಟಿದರೂ, ಆ ವರ್ಷ ಅದು ನೊಗಕ್ಕೆ ಬರುವಂತಿರಲಿಲ್ಲ. ಅಷ್ಟರಲ್ಲಿ ಮಾಸ್ತಪ್ಪನ ಗದ್ದೆಯ ಹೂಟಿ ಮುಗಿದು ನಾಟಿಯೂ ಆಗಿತ್ತು. ಕೌಲ ಕೊಟ್ಟಿಗೆಯಲ್ಲಿ ಸುಮ್ಮನೆ ಹುಲ್ಲು ಮೇಯುತ್ತಿತ್ತು.

ನಿಂಗಪ್ಪ ಊರಲ್ಲಿ ಎತ್ತು ಕೇಳುತ್ತ ಹೋದ. ಎಲ್ಲರ ಎತ್ತೂ ಗದ್ದೆಯಲ್ಲಿದ್ದವು. ಜಯಪ್ಪ ಎಂಬ ನೆರೆಯವನು, ತನ್ನ ನಾಟಿ ಮುಗಿದ ಮೇಲೆ ಕೊಡುವುದಾಗಿ ಹೇಳಿದ. ಆದರೆ ಅಷ್ಟು ಹೊತ್ತಿಗೆ ಸಸಿ ಬಲಿತುಹೋಗುತ್ತಿತ್ತು. ಅಣ್ಣನ ಕೊಟ್ಟಿಗೆಯಲ್ಲಿ ಎತ್ತು ನಿಂತಿರುವಾಗ ಮನೆಮನೆ ಏಕೆ ಅಲೆಯುತ್ತೀ ಎಂದು ಉಳಿದವರು ಕೇಳಿದರು. ನಿಂಗಪ್ಪ ಕಂಬಳಿ ಕೊಪ್ಪೆ ಸರಿಮಾಡಿಕೊಂಡು ಮನೆಗೆ ಬಂದ.

ಮಾಸ್ತಪ್ಪ ಎಲ್ಲವನ್ನೂ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಅವನು ಎತ್ತು ಕೊಡುವುದಿಲ್ಲ ಎಂದೇನೂ ಅಂದುಕೊಂಡಿರಲಿಲ್ಲ. ನಿಂಗಪ್ಪ ಬೇಲಿಯ ಹತ್ತಿರ ಬಂದು ‘ಅಣ್ಣಾ’ ಎಂದರೆ ಸಾಕು, ಆ ಗಳಿಗೆಯಲ್ಲೇ ಹಗ್ಗ ಬಿಚ್ಚಿ ಕೊಡಲು ಸಿದ್ಧನಾಗಿದ್ದ. ಕೇಳಲಿ ಎಂದು ಕಾಯುತ್ತಿದ್ದ, ಅಷ್ಟೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿ ಮೂಕಮ್ಮ, ಅಣ್ಣನ ಮಾತು ಮೀರಿದವನಿಗೆ ದೇವರು ಸರಿಯಾಗೇ ತೋರಿಸಿದ ಎಂದಳು. ಆ ಮಾತು ಕೇಳಿದಾಗ ಮಾಸ್ತಪ್ಪನಿಗೆ ಒಳಗೊಳಗೆ ಹಿತವಾಯಿತು. ಹಿತವಾದದ್ದಕ್ಕೆ ಸ್ವಲ್ಪ ಹೊತ್ತಿನಲ್ಲೇ ಕಸಿವಿಸಿಯೂ ಆಯಿತು. ಎಲೆ ಅಡಿಕೆ ಹಾಕಿಕೊಂಡು ಎರಡನ್ನೂ ಜಗಿದು ಉಗಿದ.

ರಂಗಮ್ಮ ಮಾತ್ರ ಒಮ್ಮೆ, ‘ಅಲ್ಲ, ಆ ಎತ್ತಿಗೆ ಸುಮ್ನೆ ಹುಲ್ಲು ಹಾಕ್ತಾ ಇದ್ದೀವಲ್ಲ, ನಾನೇ ಹೊಡ್ಕೊಂಡು ಹೋಗಿ ಬಿಟ್ಟು ಬರ್ಲಾ?’ ಎಂದಳು.

‘ಅವ್ನ ಬಾಯಿ ಎಂತ ಹೊಲ್ದು ಹೋಗಿದ್ಯಾ?’ ಎಂದ ಮಾಸ್ತಪ್ಪ.

ಅವಳು ಮತ್ತೆ ಆ ವಿಷಯ ಎತ್ತಲಿಲ್ಲ.

ಇದರ ನಡುವೆ ಹೊಸನಗರದಲ್ಲಿ ಏಕಾದಶಿಯ ತಾಳಮದ್ದಳೆ ಬಂತು. ಭಾಗವತಿಕೆ ಮಾಡುವ ಮುಕುಂದಯ್ಯ ಹಿಂದೆ ಶಾಲೆಯ ಮೇಷ್ಟ್ರಾಗಿದ್ದವರು, ಈ ಇಬ್ಬರಿಗೂ ಅಕ್ಷರ ಕಲಿಸಿದವರು. ತಿಂಗಳ ಮೊದಲೇ ಅವರು ಹೊಸನಗರದವರಿಗೆ ಮಾತು ಕೊಟ್ಟಿದ್ದರು. ವಾಲಿಯ ವಧೆಯ ಕಥೆ. ಮಾಸ್ತಪ್ಪ ವಾಲಿ, ನಿಂಗಪ್ಪ ಸುಗ್ರೀವ. ರಾಮನಿಗೆ ಸಾಗರದ ಕಡೆಯ ತಿಮ್ಮಣ್ಣ ಬರುತ್ತಿದ್ದರು. ಅಡಿಕೆ ತೋಟದವರು, ಮೆತ್ತಗಿನ ಮಾತಿನವರು, ವಾದದಲ್ಲಿ ಮಾತ್ರ ಜಿಗಣೆ ಹಿಡಿದ ಹಾಗೆ. ನಿಂಗಪ್ಪ ಬರುವುದಿಲ್ಲ ಎಂದು ಹೇಳಿ ನೋಡಿದ. ಗದ್ದೆ ಹೂಡಲು ಎತ್ತಿಲ್ಲದವನು ಮನೆಯಲ್ಲಿ ಕೂತು ಏನು ಮಾಡುತ್ತೀ ಎಂದು ಮುಕುಂದಯ್ಯ ಗದರಿದ ಮೇಲೆ ಹೊರಟ. ಬಸ್ಸಿನಲ್ಲಿ ಮಾಸ್ತಪ್ಪ ಡ್ರೈವರನ ಹಿಂದೆ ಕೂತ, ನಿಂಗಪ್ಪ ಕೊನೆಯ ಸೀಟಿನಲ್ಲಿ. ನಡುವೆ ಮುಕುಂದಯ್ಯ ಜಾಗಟೆ, ತಾಳದ ಚೀಲ ಇಟ್ಟುಕೊಂಡು ತೂಕಡಿಸಿದರು.

ದೇವಸ್ಥಾನದ ಹೊರಜಗಲಿ, ಚಂದ್ರಶಾಲೆಯಲ್ಲಿ ಮಧ್ಯಾಹ್ನ ಶುರುವಾಯಿತು. ಮಳೆಗೆ ಬೇರೆ ಕೆಲಸವಿಲ್ಲದ ಪೇಟೆಯ ಜನ ತುಂಬಿದ್ದರು. ವಾಲಿ ಸುಗ್ರೀವರ ಕಾಳಗ ಬೇಗ ಮುಗಿಯಿತು. ಮರದ ಮರೆಯಿಂದ ರಾಮನ ಬಾಣ ಬಂದು ವಾಲಿಯ ಎದೆಗೆ ನೆಟ್ಟಿತು. ಜನ ಕಾಯುತ್ತಿದ್ದದ್ದು ಇದಕ್ಕೇ. ಸಾಯುವ ವಾಲಿ ರಾಮನನ್ನು ಪ್ರಶ್ನಿಸುವ ಭಾಗ.

ಮಾಸ್ತಪ್ಪ ಅವತ್ತು ಎಂದಿಲ್ಲದ ಹುರುಪಿನಲ್ಲಿದ್ದ. ಎದುರು ನಿಂತು ಹೊಡೆಯಲಾರದವನು ಯಾವ ಸೀಮೆಯ ವೀರ ಎಂದು ಕೇಳಿದ. ಅಣ್ಣ ತಮ್ಮಂದಿರ ಜಗಳಕ್ಕೆ ನಿನ್ನನ್ನು ಕರೆದವರು ಯಾರು ಎಂದು ಕೇಳಿದ. ತಿಮ್ಮಣ್ಣ ಒಂದೊಂದಕ್ಕೂ ಉತ್ತರ ಕೊಟ್ಟರು. ತಮ್ಮನ ಹೆಂಡತಿಯನ್ನು ಕಸಿದು, ಅವನನ್ನು ಕಾಡಿಗೆ ಅಟ್ಟಿದವನಿಗೆ ಇದು ಶಿಕ್ಷೆ ಎಂದರು. ಮಾಸ್ತಪ್ಪ ಶಿಕ್ಷೆಯನ್ನೂ ಹರಿದು ಹಾಕಿದ. ಜನ ತಲೆದೂಗಿದರು. ಮದ್ದಳೆಯವನು ಸಹ ಮದ್ದಳೆ ಬದಿಗಿಟ್ಟು ಕೇಳತೊಡಗಿದ. ಕೊನೆಗೆ ತಿಮ್ಮಣ್ಣ ಒಂದು ಲೋಟ ನೀರು ಕುಡಿದು, ದನಿ ಇಳಿಸಿ ಹೇಳಿದರು:

‘ವಾಲೀ, ಶಿಕ್ಷೆ ಮುಗಿಯಿತು. ಈ ಬಾಣವನ್ನು ನಾನೇ ಕೀಳುತ್ತೇನೆ. ನೀನು ಬದುಕಬಹುದು. ಬದುಕಿಸು ಎಂದು ಒಂದು ಮಾತು ಕೇಳು, ಸಾಕು.’

ಮಾಸ್ತಪ್ಪ ಚಾಪೆಯಿಂದ ಅರ್ಧ ಎದ್ದೇಬಿಟ್ಟ.

‘ಕೇಳಬೇಕೇ? ರಾಘವಾ, ಕೊಡುವ ಮನಸ್ಸು ನಿನಗೆ ಇರುವುದು ನಿಜವಾದರೆ, ಇವನು ಕೇಳಲಿ ಎಂದು ಏಕೆ ಕಾಯುತ್ತೀಯೆ? ನೋವಿನಲ್ಲಿ ಬಿದ್ದವನ ಬಾಯಿಂದ ಬೇಡಿಕೆ ಹೊರಡಿಸಿ, ಆ ಸುಖ ಉಂಡು, ಆಮೇಲೆ ಕೊಡುವವನು ದಯಾಳುವಲ್ಲ. ಅವನು ವ್ಯಾಪಾರಿ. ದಯೆ ಎಂಬುದಕ್ಕೆ ಕೇಳುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ!’

ಚಂದ್ರಶಾಲೆ ಚಪ್ಪಾಳೆಯಿಂದ ಅದುರಿತು. ಯಾರೋ ಹಿಂದಿನಿಂದ ಶಹಭಾಸ್ ಎಂದರು. ಮಾಸ್ತಪ್ಪ ಗೆದ್ದವನ ಹಾಗೆ ಸುತ್ತ ನೋಡಿದ. ನೋಡುವಾಗ ಕಣ್ಣು ನಿಂಗಪ್ಪನ ಮೇಲೆ ಬಿತ್ತು. ನಿಂಗಪ್ಪ ಚಪ್ಪಾಳೆ ಕೇಳಿಸದವನ ಹಾಗೆ ಚಾಪೆಯ ಅಂಚಿನ ಹುಲ್ಲನ್ನು ಕೀಳುತ್ತ ಕೂತಿದ್ದ. ಅವನ ಉಗುರಿನ ಸಂದಿಯಲ್ಲಿ ನಾಟಿಯ ಕೆಸರಿರಲಿಲ್ಲ. ಆ ದಿನಗಳಲ್ಲಿ ಸೀಮೆಯ ಯಾವ ರೈತನ ಕೈಯೂ ಅಷ್ಟು ಶುದ್ಧವಾಗಿರಲಿಲ್ಲ.

ಮಾಸ್ತಪ್ಪನಿಗೆ ತಾನು ಈಗಷ್ಟೇ ಆಡಿದ ಮಾತು ಬೇರೆ ಯಾರೋ ತನಗೇ ಹೇಳಿದಂತೆ ಕೇಳಿಸಿತು.

‘ಹಾಗಾದರೆ ಕೇಳದೆಯೇ ಕೊಟ್ಟೆ,’ ಎಂದರು ತಿಮ್ಮಣ್ಣ. ‘ಈಗ ಏನು ಹೇಳುತ್ತೀ?’

ಮಾಸ್ತಪ್ಪ ಏನೂ ಹೇಳಲಿಲ್ಲ. ಜನ ಮೊದಲು ಇದೂ ಅರ್ಥಗಾರಿಕೆಯೇ ಎಂದುಕೊಂಡು ಭಲೇ ಎಂದರು. ಮೌನ ಉದ್ದವಾದಾಗ ಗುಸುಗುಸು ಎದ್ದಿತು. ಮುಕುಂದಯ್ಯ ಅನುಭವಸ್ಥರು. ತಾಳ ತಟ್ಟಿ, ವಾಲಿ ತಮ್ಮನಿಗೆ ರಾಜ್ಯ ಒಪ್ಪಿಸುವ ಪದವನ್ನು ಎತ್ತಿಯೇಬಿಟ್ಟರು. ಆ ಪದಕ್ಕೆ ಮಾಸ್ತಪ್ಪ ಬೇರೆ ದಿನ ಗಂಟೆಗಟ್ಟಲೆ ಅರ್ಥ ಹೇಳುತ್ತಿದ್ದ. ಅವತ್ತು, ‘ಸುಗ್ರೀವಾ, ಇದು ನಿನ್ನದು, ತಗೋ’ ಎಂದಷ್ಟೇ ಹೇಳಿ ಮುಗಿಸಿದ. ಸುಗ್ರೀವನಾಗಿ ಟವೆಲ್ಲು ಕಣ್ಣಿಗೊತ್ತಿ ಗೋಳೋ ಎಂದು ಅಳುವುದು ನಿಂಗಪ್ಪನ ರೂಢಿ. ಅವನೂ ಒಂದು ‘ಹೂಂ’ ಎಂದು ಸುಮ್ಮನಾದ. ಮಂಗಳವಾಯಿತು. ಅವಲಕ್ಕಿ ತಿನ್ನುವಾಗ ತಿಮ್ಮಣ್ಣ ಮುಕುಂದಯ್ಯನ ಪಕ್ಕ ಕೂತು, ‘ಮಾಸ್ತಪ್ಪಂಗೆ ಇವತ್ತು ಎಂತಾತು? ಮೈಯಲ್ಲಿ ಹುಷಾರು ಇಲ್ಲೆ ಕಾಣ್ತು’ ಎಂದರು. ಮುಕುಂದಯ್ಯ ತಲೆಯಾಡಿಸಿದರು, ತಿಳಿದೂ ತಿಳಿಯದ ಹಾಗೆ.

ಬಸ್ಸಿನಲ್ಲಿ ಮತ್ತೆ ಒಬ್ಬ ಮುಂದೆ, ಒಬ್ಬ ಹಿಂದೆ. ಇಳಿದ ಮೇಲೂ ಅಣ್ಣ ರಸ್ತೆಯ ಈ ಬದಿ, ತಮ್ಮ ಆ ಬದಿ ನಡೆದು ಮನೆ ಸೇರಿದರು.

ಬೆಳಿಗ್ಗೆ ಮಾಸ್ತಪ್ಪ ಕೊಟ್ಟಿಗೆಗೆ ಹೋಗಿ ಕೌಲದ ಹಗ್ಗ ಬಿಚ್ಚಿದ. ರಂಗಮ್ಮ ಸಗಣಿ ಬಾಚುತ್ತಿದ್ದವಳು ತಲೆ ಎತ್ತಿ ನೋಡಿದಳು, ಮತ್ತೆ ತಗ್ಗಿಸಿದಳು. ಬೇಲಿಯ ತಡಿಕೆ ಸರಿಸಿದ್ದರೆ ತಮ್ಮನ ಅಂಗಳ ಎದುರಿಗೇ ಇತ್ತು. ಆದರೆ ಮಾಸ್ತಪ್ಪನಿಗೆ ಅಷ್ಟು ನೇರವಾಗಿ ಹೋಗಲು ಮನಸ್ಸು ಬರಲಿಲ್ಲ. ಯಾರೂ ನೋಡದಿರಲಿ ಎಂದು ಕೆರೆಯ ದಂಡೆ ಹತ್ತಿ, ಊರು ಸುತ್ತಿ ಹೊರಟ. ಸುತ್ತಿದ್ದರಿಂದ ಊರಿಗೆ ಊರೇ ನೋಡಿತು. ಜಯಪ್ಪ ಹೂಡುವುದನ್ನು ನಿಲ್ಲಿಸಿ ನೇಗಿಲಿಗೆ ಕೈಯಿಟ್ಟು ನಿಂತ. ಮೂಕಮ್ಮ ಎಲ್ಲಿಗೆ ಎಂದು ಕೇಳಿದಳು. ಮೇಯಿಸಲಿಕ್ಕೆ ಎಂದ ಮಾಸ್ತಪ್ಪ. ಮನೆಯಲ್ಲಿ ಹುಲ್ಲಿನ ರಾಶಿ ಬಿಟ್ಟು ಈ ಮಳೆಯಲ್ಲಿ ಮೇಯಿಸುವವನನ್ನು ಅವಳು ಬಾಯಿ ತೆರೆದು ನೋಡಿದಳು.

ನಿಂಗಪ್ಪನ ಮನೆಯ ತಿರುವಿನಲ್ಲಿ ಕೆಂದ ಒಮ್ಮೆ ಕೂಗಿತು. ಅಷ್ಟೇ ಸಾಕಾಯಿತು. ಕೌಲ ಹಗ್ಗವನ್ನು ಜಗ್ಗಿ ಓಡಿತು. ಹಗ್ಗ ಬಿಡದೆ ಮಾಸ್ತಪ್ಪನೂ ಓಡಿದ. ಎತ್ತು ಮತ್ತು ಮನುಷ್ಯ ಒಟ್ಟಿಗೇ ಅಂಗಳಕ್ಕೆ ನುಗ್ಗಿದರು. ಬೆಳ್ಳಮ್ಮನ ನೀರಿನ ಕೊಡ ಉರುಳಿತು. ಕೌಲ ಕೆಂದದ ಕುತ್ತಿಗೆಯ ಮೇಲೆ ಕುತ್ತಿಗೆ ಇಟ್ಟು ನಿಂತಿತು.

ನಿಂಗಪ್ಪ ಒಳಗಿನಿಂದ ಬಂದ. ಅಣ್ಣನ ಪಂಚೆಗೆಲ್ಲ ಕೆಸರು, ಏದುಸಿರು.

‘ಎತ್ತು ತಪ್ಪಿಸ್ಕೊಂಡು ಬಂತು,’ ಎಂದ ಮಾಸ್ತಪ್ಪ.

ನಿಂಗಪ್ಪ ಅವನನ್ನೇ ನೋಡಿದ. ಬೆಳ್ಳಮ್ಮ ಉರುಳಿದ ಕೊಡವನ್ನು ಎತ್ತುವುದು ಮರೆತು ಬಾಗಿಲಲ್ಲಿ ನಿಂತಳು. ಮಾಸ್ತಪ್ಪ ಉಸಿರು ಸುಧಾರಿಸಿಕೊಂಡ.

‘ಇಲ್ಲ. ನಾನೇ ತಂದೆ. ಹೂಡು.’

‘ನಾ ಕೇಳ್ಲಿಲ್ಲ,’ ಎಂದ ನಿಂಗಪ್ಪ.

‘ಗೊತ್ತು ಮಾರಾಯ.’

‘ಕೇಳೋದೂ ಇಲ್ಲ.’

‘ಅದೂ ಗೊತ್ತು. ಕೇಳೂವರಿಗೆ ಕಾದ್ರೆ ನಿನ್ನ ಗದ್ದೆ ಹಡ್ಲು ಬೀಳ್ತದೆ. ಹಗ್ಗ ಹಿಡಿ, ಕೈ ಉರೀತಿದೆ.’

ನಿಂಗಪ್ಪ ಮುಂದೆ ಬಂದು ಹಗ್ಗ ಹಿಡಿದ. ಅಣ್ಣನ ಅಂಗೈ ಹಗ್ಗ ಉಜ್ಜಿ ಕೆಂಪಾಗಿದ್ದನ್ನು ನೋಡಿದ. ಆಮೇಲೆ ಎತ್ತಿನ ಬೆನ್ನು ಸವರುತ್ತ, ಎತ್ತಿಗೇ ಹೇಳುವವನ ಹಾಗೆ ಹೇಳಿದ. ‘ಪಾಲಿನ ದಿನ ಕೇಳಿದ್ರೆ ನೀ ಎರಡೂ ಕೊಡ್ತೀಯ ಅಂತ ನಂಗೊತ್ತಿತ್ತು ಅಣ್ಣಾ. ಕೊಟ್ರೆ ನೀ ದೊಡ್ಡವ್ನಾಗ್ತೀಯಲ್ಲ ಅಂತ ಕೇಳ್ಲಿಲ್ಲ.’

ಮಾಸ್ತಪ್ಪ ತಮ್ಮನ ಮುಖ ನೋಡಿದ. ಇಷ್ಟು ವರ್ಷ ಅವನು ಆ ಹಟಕ್ಕೆ ಏನೇನೋ ಕಾರಣ ಹುಡುಕಿದ್ದ, ಇದೊಂದು ಹೊಳೆದಿರಲಿಲ್ಲ. ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ನಿಂಗಪ್ಪನಿಗೂ ನಗು ಬಂತು. ಆದರೆ ಅವನ ನಗು ಅರ್ಧದಲ್ಲಿ ಬೇರೆಯಾಗಿ, ತಾಳಮದ್ದಳೆಯಲ್ಲಿ ಬಾರದ ಅಳು ಅಂಗಳದಲ್ಲಿ ಬಂತು. ಬೆಳ್ಳಮ್ಮ ಇನ್ನು ಇವರನ್ನು ನೋಡುತ್ತ ನಿಂತರೆ ಕೆಲಸವಾಗದು ಎಂದು, ಭಾವ ಬಂದಿದ್ದಾರೆ, ಕಾಫಿಗಿಡುತ್ತೇನೆ ಎಂದು ಒಳಗೆ ಹೋದಳು.

ಕಾಫಿ ಕುಡಿದು ಇಬ್ಬರೂ ಗದ್ದೆಗೆ ಇಳಿದರು. ಜೋಡಿಗೆ ನೊಗ ಹೊಸದೇನಲ್ಲ. ಕೋಲು ತೋರಿಸುವ ಕೆಲಸವೇ ಬೀಳಲಿಲ್ಲ. ಮಾಸ್ತಪ್ಪ ನೇಗಿಲು ಹಿಡಿದ, ನಿಂಗಪ್ಪ ಗುದ್ದಲಿಯಿಂದ ಬದುವಿನ ಅಂಚು ಕಡಿದ. ಇಬ್ಬರ ಬಾಯಿಯೂ ನಿಲ್ಲಲಿಲ್ಲ. ವರ್ಷಗಟ್ಟಲೆ ಆಡದೆ ಉಳಿದದ್ದನ್ನೆಲ್ಲ ಆಡಿದರು, ಸತ್ತ ತಾಯಿಯ ಮಾತು, ಮಾರಿದ ಎಮ್ಮೆಯ ಮಾತು. ಒಂದೆರಡು ಕಡೆ ಜೋರಾಗಿ ಜಗಳವೂ ಆಯಿತು. ಬದುವಿನ ಮೇಲೆ ಹೋಗುತ್ತಿದ್ದ ಜಯಪ್ಪ ಇವರು ಮಾತಾಡದೆ ಇದ್ದಾಗಲೇ ಊರು ತಣ್ಣಗಿತ್ತು ಎಂದು ಹೇಳಿ ಹೋದ.

ಮಧ್ಯಾಹ್ನ ರಂಗಮ್ಮ, ಬೆಳ್ಳಮ್ಮ ಮಳೆಗೆ ತಲೆಯ ಮೇಲೆ ಗೊರಬು ಸೂಡಿಕೊಂಡು ಕಡುಬು, ಕಳಲೆ ಪಲ್ಯ ತಂದರು. ಎಲ್ಲರೂ ಹಲಸಿನ ಮರದ ಬುಡದಲ್ಲಿ ಕೂತರು. ಎಲೆಗೆ ಬಡಿಸುವಾಗ ನಿಂಗಪ್ಪ ಅತ್ತಿಗೆಗೆ ಹಿಂದಿನ ದಿನದ ತಾಳಮದ್ದಳೆಯ ವರ್ಣನೆ ಶುರುಮಾಡಿದ. ಅಣ್ಣ ಎಂತಹ ಅರ್ಥ ಹೇಳಿದ, ರಾಮ ಹೇಗೆ ಬೆವರಿದ, ಜನ ಹೇಗೆ ಚಪ್ಪಾಳೆ ಹೊಡೆದರು.

‘ನಿನ್ನೆ ಗೆದ್ದದ್ದು ನೀನೇ ಅಣ್ಣಾ. ಹೊಸನಗರದವ್ರೇ ಹೇಳ್ತಿದ್ರು,’ ಎಂದ.

‘ಇಲ್ಲ, ಸೋತೆ,’ ಎಂದ ಮಾಸ್ತಪ್ಪ.

ವಾದದಲ್ಲಿ ಸೋತೆ ಎಂದು ಅವನು ಒಪ್ಪಿಕೊಂಡದ್ದನ್ನು ಆ ಮೂವರೂ ಅದುವರೆಗೆ ಕೇಳಿರಲಿಲ್ಲ. ರಂಗಮ್ಮ ಪಲ್ಯದ ಸಟ್ಟುಗ ಹಿಡಿದೇ ಗಂಡನನ್ನು ನೋಡಿದಳು. ಅವನು ಅವಳ ಕೈಯಿಂದ ಪಾತ್ರೆ ಇಸಿದುಕೊಂಡು, ಮೊದಲು ತಮ್ಮನ ಎಲೆಗೆ ಬಡಿಸಿದ.