ಹಿನ್ನೀರಿನ ದಂಡೆಯ ಬ್ಯಾಂಡು

ಗುಲಾಮಹುಸೇನ ಕನ್ನಡಿಗೆ ಮುಖ ತಾಗಿಸಿ, ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ನೋಡಿಕೊಂಡ. ಮುಂದಿನ ಹಲ್ಲು ಬೆಳಿಗ್ಗೆಗಿಂತ ಇನ್ನಷ್ಟು ಕೆಳಗೆ ಇಳಿದಂತಿತ್ತು. ನಾಲಿಗೆ ತಾಗಿದರೆ ಸಾಕು, ಅತ್ತಿತ್ತ ಅಲ್ಲಾಡುತ್ತಿತ್ತು. ಹೊರಗಿನಿಂದ ಹುಲುಗಣ್ಣ ಬಾತ್‌ರೂಮಿನ ಬಾಗಿಲು ಬಡಿದ.

"ಮಾಸ್ತರ್, ಅಂಗಿ ಹಾಕ್ಕೊಂಡ್ರೇನ್ರಿ? ಮಂದಿ ಬರಾಕ ಹತ್ಯಾರ."

ಬಂದೆ ಎನ್ನುವಾಗಲೂ ಅವನು ಬಾಯಿ ಪೂರ್ತಿ ತೆರೆಯಲಿಲ್ಲ. ರಿಸಾರ್ಟಿನವರು ಕೊಟ್ಟ ಅಂಗಿಯ ಮೇಲೆ ಅಂಗೈಯಗಲದ ಕೆಂಪು ಹೂಗಳು ಅರಳಿದ್ದವು. ಅದರ ಗುಂಡಿ ಹಾಕಿಕೊಂಡು ಹೊರಗೆ ಬಂದ.

ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಾಲಕ್ಕೆ, ಗುಲಾಮಹುಸೇನನ ಬ್ಯಾಂಡಿಗೆ ಬಿಡುವಿದೆಯೇ ಎಂದು ಕೇಳಿಕೊಂಡೇ ಮದುವೆಯ ದಿನ ಗೊತ್ತುಮಾಡುವವರಿದ್ದರು. ಕೊಟ್ಟೂರಿನಿಂದ ಹಡಗಲಿಯವರೆಗೆ ಅವನ ಕ್ಲಾರಿಯೊನೆಟ್ ಕೇಳದ ಬೀದಿ ಇರಲಿಲ್ಲ. ಆಮೇಲೆ ಟ್ರ್ಯಾಕ್ಟರಿನ ಮೇಲೆ ಡಿಜೆ ಪೆಟ್ಟಿಗೆಗಳು ಬಂದವು, ಬ್ಯಾಂಡಿನವರು ಒಬ್ಬೊಬ್ಬರಾಗಿ ಗಾರೆ ಕೆಲಸಕ್ಕೆ, ಆಟೋ ಓಡಿಸುವುದಕ್ಕೆ ಹೋದರು. ಉಳಿದವನು ಹುಲುಗಣ್ಣ ಒಬ್ಬನೇ. ಮೀಸೆ ಮೂಡದ ವಯಸ್ಸಿನಿಂದ ಇವನ ಪಕ್ಕದಲ್ಲಿ ಡ್ರಮ್ ಬಾರಿಸುತ್ತ ಬಂದವನು. ಈಚೆಗೆ ಹಡಗಲಿಯ ಮೈಲಾರೇಶ್ ಕೀಬೋರ್ಡ್ ಹೊತ್ತುಕೊಂಡು ಬಂದು ಜೊತೆ ಸೇರಿದ್ದ.

ಹಿನ್ನೀರಿನ ದಂಡೆಯ ರಿಸಾರ್ಟಿಗೆ ಅವರನ್ನು ಕರೆಸಿದವನು ಮ್ಯಾನೇಜರ್ ಅರುಣಕುಮಾರ್, ಹರಪನಹಳ್ಳಿಯ ಹುಡುಗ. ಹಂಪಿ ನೋಡಲು ಬಂದ ಫಾರಿನ್ ಮಂದಿ ಇಲ್ಲಿ ಉಳಿಯುತ್ತಾರೆ, ಅವರಿಗೆ ಪ್ರತಿ ಶನಿವಾರ 'ದ್ವೀಪದ ಸಂಜೆ' ಮಾಡಬೇಕು ಎಂದಿದ್ದ. ಕೆರಿಬಿಯನ್ ಅಂತ ಸಮುದ್ರದೊಳಗಿನ ದ್ವೀಪಗಳಿವೆಯಂತೆ. ಅಲ್ಲಿನ ಬ್ಯಾಂಡಿನವರು ಹೀಗೇ ಹೂವಿನ ಅಂಗಿ, ಹುಲ್ಲಿನ ಟೋಪಿ ಹಾಕಿಕೊಂಡು ಕ್ಲಬ್ಬುಗಳಲ್ಲಿ ಪ್ರವಾಸಿಗರಿಗೆ ನುಡಿಸುತ್ತಾರಂತೆ. ಅವನು ಮೊಬೈಲಿನಲ್ಲಿ ತೋರಿಸಿದ ವಿಡಿಯೋ ನೋಡಿ ಹುಲುಗಣ್ಣ ಕೇಳಿದ್ದ, ಅವರಿಗೂ ಊರಾಗ ಮದಿವಿ ಕೆಲಸ ತಪ್ಪಿರಬೇಕೇನು ಎಂದು. ಗುಲಾಮಹುಸೇನ ಮಾತ್ರ ಆ ಬ್ಯಾಂಡಿನಲ್ಲಿ ಪೀಪಿಯೂದುವ ಮುದುಕನ ಬಾಯನ್ನೇ ನೋಡುತ್ತಿದ್ದ. ಅವನ ಹಲ್ಲು ಒಂದೂ ಬಿದ್ದಿರಲಿಲ್ಲ.

ಹೊಸಪೇಟೆಯ ಹಲ್ಲಿನ ಡಾಕ್ಟರು ಮೇಲಿನ ಹಲ್ಲುಗಳನ್ನು ಕೀಳಿಸಲೇಬೇಕು ಎಂದಿದ್ದರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಊದಲು ಬರುತ್ತದೋ ಎಂದು ಕೇಳಿದ್ದಕ್ಕೆ, ಅದನ್ನು ನಾನು ಹೇಳಲಾರೆ ಎಂದುಬಿಟ್ಟರು. ಮೇಲಿನ ಹಲ್ಲನ್ನು ವಾದ್ಯದ ತುದಿಗೆ ಊರಿಯೇ ಊದಬೇಕು. ಆ ಆಧಾರ ಹೋದರೆ ನಲವತ್ತು ವರ್ಷ ಊದಿದ ಬಾಯಿ ಒಂದೇ ದಿನದಲ್ಲಿ ಹೊಸಬನ ಬಾಯಿಯಾಗುತ್ತದೆ. ಹೆಂಡತಿ ಜೈತುನ್ ಬೀಯನ್ನು ಬಿಟ್ಟು ಅವನು ಯಾರಿಗೂ ಹೇಳಿರಲಿಲ್ಲ. ಹುಲುಗಣ್ಣನಿಗಾದರೂ ಹೇಳು, ಅವನೇನು ಹೊರಗಿನವನೇ ಎಂದು ಅವಳು ದಿನಾ ಗೊಣಗುತ್ತಿದ್ದಳು. ಹೇಳೋಣವೆಂದುಕೊಂಡ ದಿನವೇ ಒಂದು ಸಂಗತಿ ನಡೆಯಿತು. ರಿಸಾರ್ಟಿನಲ್ಲಿ ತಾಲೀಮು ಮಾಡುವಾಗ ಮೈಲಾರೇಶ್ ಸುಮ್ಮನೆ ಒಂದು ಗುಂಡಿ ಒತ್ತಿದ. ಕೀಬೋರ್ಡಿನಿಂದ ಕ್ಲಾರಿಯೊನೆಟ್ಟಿನ ದನಿಯೇ ಬಂತು. ಅರುಣಕುಮಾರ್ ತಿರುಗಿ ನೋಡಿದ. "ಓ, ಇದ್ರಾಗೂ ಅದೇ ಸೌಂಡ್ ಬರುತ್ತಲ್ರಿ" ಎಂದ, ಅಷ್ಟೇ. ಅವತ್ತಿನಿಂದ ಗುಲಾಮಹುಸೇನನಿಗೆ ಅನ್ನ ರುಚಿಸಿರಲಿಲ್ಲ.

ಈಜುಕೊಳದ ಪಕ್ಕ ಲಾರಿಯಲ್ಲಿ ತರಿಸಿದ ಮರಳು ಹರಡಿದ್ದರು. ಹಿನ್ನೀರಿನ ಮೇಲೆ ಬಿಸಿಲು ಇನ್ನೂ ಇತ್ತು. ಪ್ರವಾಸಿಗರು ಬರಿಗಾಲಲ್ಲಿ ಗ್ಲಾಸು ಹಿಡಿದು ಕುಳಿತರು. ಮೊದಲ ಹಾಡು ಸಲೀಸಾಗಿ ಹೋಯಿತು. ಎರಡು ಜೋಡಿ ಎದ್ದು ಕುಣಿದವು. ಅರುಣಕುಮಾರ್ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದ. ಎರಡನೆಯ ಹಾಡಿನ ನಡುವೆ ಸ್ವರ ಮೇಲಕ್ಕೆ ಏರುವ ಜಾಗ ಬಂತು. ಗುಲಾಮಹುಸೇನ ಕಣ್ಣು ಮುಚ್ಚಿ ಉಸಿರು ಒತ್ತಿದ.

ಹಲ್ಲು ಬುಡದಿಂದ ಕಳಚಿತು. ವಾದ್ಯ ಕೀರಲಿಟ್ಟು ನಿಂತುಹೋಯಿತು. ಬಾಯಿ ತುಂಬ ರಕ್ತದ ಉಪ್ಪು. ಅವನು ಆ ಕಡೆ ತಿರುಗಿ ಕರವಸ್ತ್ರದೊಳಗೆ ಹಲ್ಲನ್ನು ಉಗುಳಿದ. ಡ್ರಮ್ ಮಾತ್ರ ನಿಲ್ಲದೆ ನಡೆದಿತ್ತು. ಓರೆಗಣ್ಣಿನಲ್ಲಿ ನೋಡಿದರೆ ಮೈಲಾರೇಶನ ಬೆರಳು ಆ ಗುಂಡಿಯ ಕಡೆ ಸರಿಯುತ್ತಿತ್ತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಹಾಡು ಕೆಡಬಾರದೆಂದು ಯಾರಾದರೂ ಮಾಡುವುದೇ ಅದು. ಆದರೆ ಆ ಗುಂಡಿ ಒಮ್ಮೆ ಒತ್ತಿದರೆ ಮುಂದಿನ ಶನಿವಾರ ತನ್ನನ್ನು ಕರೆಯುವವರಿಲ್ಲ ಎಂದು ಗುಲಾಮಹುಸೇನನಿಗೆ ಖಚಿತವಾಗಿ ಗೊತ್ತಿತ್ತು.

"ತಡಿ" ಎಂದ ಹುಲುಗಣ್ಣ.

ಮೈಲಾರೇಶ್ ಕೈ ತಡೆದ. ಹುಲುಗಣ್ಣ ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬರಿ ಬೆರಳಿನಿಂದ ಡ್ರಮ್ಮನ್ನು ಸವರುವ ಹಾಗೆ ಬಾರಿಸತೊಡಗಿದ. ಲಯ ಅರ್ಧಕ್ಕೆ ಇಳಿಯಿತು. ಮಾಸ್ತರನ ಮುಖ ನೋಡಲಿಲ್ಲ, ನೀರಿನ ಕಡೆ ನೋಡುತ್ತಿದ್ದ.

ಗುಲಾಮಹುಸೇನ ಮೇಲ್ದುಟಿಯನ್ನು ಒಳಕ್ಕೆ ಮಡಚಿ, ಉಳಿದ ಹಲ್ಲುಗಳನ್ನು ಮುಚ್ಚಿ, ಬರೀ ತುಟಿಗಳ ಮೇಲೆ ವಾದ್ಯ ಹಿಡಿದ. ಮೊದಲು ಗಾಳಿ ಬಂತು. ಆಮೇಲೆ ತೆಳುವಾದ ದನಿ. ತನ್ನದಲ್ಲವೆಂಬಷ್ಟು ಮೆತ್ತಗಿನ ದನಿ. ಡ್ರಮ್ ಒಂದಿಷ್ಟು ಜೋರಾದರೂ ಮುಳುಗಿಹೋಗುವಂಥದ್ದು. ಡ್ರಮ್ ಜೋರಾಗಲಿಲ್ಲ. ಎತ್ತರದ ಸ್ವರ ಬಂದಲ್ಲೆಲ್ಲ ಅವನು ಕೆಳಗಿನಿಂದಲೇ ಬಳಸಿಕೊಂಡು ಹೋದ. ತುಟಿ ಉರಿಯುತ್ತಿತ್ತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದುಕೊಳ್ಳುತ್ತಲೇ ಎರಡನೆಯದನ್ನು ಮುಗಿಸಿ, ಮೂರನೆಯ ಹಾಡನ್ನೂ ದಡ ಮುಟ್ಟಿಸಿದ.

ಪ್ರವಾಸಿಗರು ಮೊದಲಿನಷ್ಟೇ ಚಪ್ಪಾಳೆ ತಟ್ಟಿದರು. ಬಿಳಿಗೂದಲಿನ ಹೆಂಗಸೊಬ್ಬಳು ಬಂದು ಅವನ ಹೆಗಲಿಗೆ ಹೆಗಲು ತಾಗಿಸಿ ಫೋಟೋ ತೆಗೆಸಿಕೊಂಡಳು. ಅವನು ಬಾಯಿ ಬಿಗಿದುಕೊಂಡೇ ನಕ್ಕ. ಅವರಲ್ಲಿ ಒಬ್ಬರಿಗೂ ಏನಾಯಿತೆಂದು ಗೊತ್ತಾಗಿರಲಿಲ್ಲ. ಅದು ಸಮಾಧಾನವೋ ಸಂಕಟವೋ ಅವನಿಗೆ ತಿಳಿಯಲಿಲ್ಲ. ಅರುಣಕುಮಾರ್ ಬಂದು ಮುಂದಿನ ಶನಿವಾರವೂ ಬರ್ರಿ ಎಂದ. ಕಡೆಯ ಹಾಡು ಭಾಳ ಮೆತ್ತಗಾಯ್ತು, ಕುಣಿಯೋ ಹಂಗಿದ್ರೆ ಚಲೋ ಎಂದೂ ಸೇರಿಸಿ, ಗುಲಾಮಹುಸೇನನ ಮುಖವನ್ನು ಒಂದು ಗಳಿಗೆ ಹೆಚ್ಚಿಗೇ ನೋಡಿ ಹೋದ.

ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಅವರಿಗೆ ಊಟ ಕೊಟ್ಟರು. ಮೈಲಾರೇಶ್ ತಟ್ಟೆ ಹಿಡಿದು ಫೋನಿನಲ್ಲಿ ಮಾತಾಡುತ್ತ ಆ ಕಡೆ ಹೋದ. ಗುಲಾಮಹುಸೇನ ತಟ್ಟೆ ಮುಟ್ಟದೆ ಕುಳಿತ.

"ನಿನಗ ಗೊತ್ತಿತ್ತೇನು?" ಎಂದು ಕೊನೆಗೆ ಕೇಳಿದ.

"ಕೂಡ್ಲಿಗಿ ಮದಿವ್ಯಾಗಿಂದ" ಎಂದ ಹುಲುಗಣ್ಣ. "ಮ್ಯಾಲಿನ ಸ್ವರ ಬಂದಾಗೆಲ್ಲ ಕಣ್ಣು ಮುಚ್ಚತಿದ್ರಿ. ಅಲ್ಲಲ್ಲಿ ನಾ ಜೋರು ಬಾರಿಸ್ತಿದ್ದೆ, ಸ್ವರ ತಪ್ಪಿದ್ದು ಮಂದಿಗಿ ಕೇಳಬಾರದು ಅಂತ."

ಗುಲಾಮಹುಸೇನನಿಗೆ ಆ ಮದುವೆ ನೆನಪಾಯಿತು. ನಿನ್ನ ಕೈಯಾಗ ಲಯ ಸತ್ತೈತಿ, ಕಟ್ಟಿಗಿ ಒಡದಂಗ ಬಾರಿಸ್ತಿ ಎಂದು ಬೀಗರೆದುರಿಗೇ ಇವನನ್ನು ಬೈದಿದ್ದ. ಹುಲುಗಣ್ಣ ತಲೆ ತಗ್ಗಿಸಿ ಹೂಂ ಅಂದಿದ್ದ.

"ಅವತ್ತ ಹೇಳಬಾರದೇನಲೇ?"

"ನೀವ ಹೇಳ್ತೀರಿ ಅಂತ ಕಾಯತಿದ್ದೆ."

ಶನಿವಾರಕ್ಕೆ ಒಂದೇ ವಾರವಿತ್ತು, ಉಳಿದ ಹಲ್ಲುಗಳೂ ಸಡಿಲವಾಗಿದ್ದವು. ತುಟಿಯ ಮೇಲೆ ಊದುವುದನ್ನು ಈ ವಯಸ್ಸಿನಲ್ಲಿ ಕಲಿಯಲಾದೀತೇ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಕೊಳದ ಕಡೆಯಿಂದ ನಗು ತೇಲಿಬರುತ್ತಿತ್ತು.

ತಟ್ಟೆಯಲ್ಲಿದ್ದದ್ದು ಪ್ರವಾಸಿಗರಿಗೆಂದು ವಿಶೇಷವಾಗಿ ಮಾಡಿಸಿದ ಕಡಕ್ ಜೋಳದ ರೊಟ್ಟಿ. ಹುಲುಗಣ್ಣ ಮಾಸ್ತರನ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡ. ರೊಟ್ಟಿಯನ್ನು ಸಣ್ಣಗೆ ಮುರಿದು ಬೇಳೆ ಸಾರಿನೊಳಗೆ ಹಾಕಿ, ಒಂದೊಂದೇ ಚೂರನ್ನು ಬೆರಳಿನಿಂದ ಒಳಕ್ಕೆ ಅದುಮಿದ. ಮೇಲೆ ತೇಲಿ ಬಂದದ್ದನ್ನು ಮತ್ತೆ ಅದುಮಿದ. ಅವು ಪೂರಾ ನೆನೆಯುವ ತನಕ ಅವನು ಬೆರಳು ತೆಗೆಯಲಿಲ್ಲ.